ಹಾಲಿನ ಕ್ಯಾನಿನ ಜೊತೆ ಹೋದ ಪಾಠ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಶಿರಸಿ ಸೀಮೆಯ ಹಳ್ಳಿಗಳಲ್ಲಿ ನಮ್ಮ ಪುಟ್ಟ ಸಂಸ್ಥೆ ನಡೆಸುತ್ತಿದ್ದ ಸಂಜೆ ತರಗತಿಗಳೂ ನಿಂತವು. ಎಲ್ಲರಂತೆ ನಾವೂ ವಾಟ್ಸಾಪ್ ಗುಂಪು ಮಾಡಿದೆವು. ವಿಡಿಯೊ ಹಾಕುವುದು, ನೀಲಿ ಟಿಕ್ಕಿಗೆ ಕಾಯುವುದು, ಇಷ್ಟೇ ನನ್ನ ಕೆಲಸ. ಫೋನು ಅಪ್ಪನ ಕಿಸೆಯಲ್ಲಿ, ಅಪ್ಪ ತೋಟದಲ್ಲಿ, ಸಿಗ್ನಲ್ಲು ಗುಡ್ಡದ ನೆತ್ತಿಯಲ್ಲಿ. ಮಳೆಗಾಲ ಹಿಡಿದ ಮೇಲೆ ಕರೆಂಟಿನ ಜೊತೆ ಟವರೂ ಹೋಗುತ್ತಿತ್ತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಟಿವಿ ಪಾಠ ಶುರುವಾಯಿತು. ಆದರೆ ಅದು ಹೈಸ್ಕೂಲಿನವರಿಗೆ, ನಮ್ಮವರು ನಾಲ್ಕು-ಐದನೇ ತರಗತಿಯವರು.

ದಾರಿ ಕಂಡಿದ್ದು ಹಾಲಿನ ಡೇರಿಯಲ್ಲಿ. ಲಾಕ್‌ಡೌನಿನಲ್ಲೂ ಹಾಲು ಅಳೆಯುವುದು ನಿಂತಿರಲಿಲ್ಲ, ಬೆಳಿಗ್ಗೆ ಕ್ಯಾನು ಹಿಡಿದು ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಮಕ್ಕಳೇ. ಅಲ್ಲೊಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ಸೋಮವಾರ ಹಾಳೆ ಒಯ್ಯುವುದು, ಶನಿವಾರ ಬರೆದು ತಂದು ಹಾಕುವುದು.

ಮೊದಲ ಕಂತು ಹಾಳಾಯಿತು. ಇಂಕ್‌ಜೆಟ್ ಶಾಯಿ ಮಳೆಗೆ ಇಳಿದು ಭಿನ್ನರಾಶಿಯೆಲ್ಲ ನೀಲಿ ಕಲೆ. ಆಮೇಲೆ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದೆವು. ಆದರೂ ಕೆಲವು ಹಾಳೆ ಬಚ್ಚಲೊಲೆಯ ಮೇಲೆ ಒಣಗಿ, ಹೊಗೆ ವಾಸನೆ ಹೊತ್ತು ವಾಪಸ್ ಬರುತ್ತಿದ್ದವು.

ಹಾಳೆಯಲ್ಲಿ ಏನಿರಬೇಕೆಂಬುದೂ ಬೇಗ ಗೊತ್ತಾಗಲಿಲ್ಲ. ರೈಲಿನ ವೇಗದ ಲೆಕ್ಕ ಕೊಟ್ಟೆ, ಖಾಲಿ ಬಂತು. (ಶಿರಸಿಗೆ ರೈಲೇ ಇಲ್ಲ, ಅದು ನನಗೂ ಹೊಳೆಯಬೇಕಿತ್ತು.) ಅಡಿಕೆ ತೋಟದಲ್ಲಿ ಆಗ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣವಾದರೆ 200 ಲೀಟರ್ ಡ್ರಮ್ಮಿಗೆ ಎಷ್ಟು ಅಂತ ಕೇಳಿದೆ. ಐದನೇ ತರಗತಿಯ ಹುಡುಗಿಯೊಬ್ಬಳು ಎರಡೆರಡು ಕಿಲೊ ಎಂದು ಬರೆದು, ಕೆಳಗೆ ಸೇರಿಸಿದ್ದಳು: ‘ನಮ್ಮನೇಲಿ ಡ್ರಮ್ ಪೂರ್ತಿ ತುಂಬೂದಿಲ್ಲ, ಕಲಕುವಾಗ ಚೆಲ್ತದೆ. 180 ಲೀಟರಿಗೆ 1800 ಗ್ರಾಂ.’ ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಓದಿಸಲು ಕೀಪ್ಯಾಡ್ ಫೋನೇ ಸಾಕಾಯಿತು. ಸಂಜೆ ನಾಲ್ವರನ್ನು ಕಾನ್ಫರೆನ್ಸ್ ಕರೆಯಲ್ಲಿ ಸೇರಿಸಿ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿಸುತ್ತಿದ್ದೆ. ಹಿಂದೆ ಮಳೆ, ಕರುವಿನ ಕೂಗು, ಅಜ್ಜಿಯ ತಿದ್ದುಪಡಿ.

ಮೂರು ವಾರವಾದ ಮೇಲೆ ಪೆಟ್ಟಿಗೆಯ ತಳದಲ್ಲಿ ಅವೇ ಏಳೆಂಟು ಹೆಸರಿನ ಹಾಳೆ ಉಳಿದಿದ್ದು ಕಣ್ಣಿಗೆ ಬಿತ್ತು. ಎಲ್ಲ ಆಕಳಿಲ್ಲದ ಮನೆಯ ಮಕ್ಕಳು, ಕೂಲಿಯವರ ಮಕ್ಕಳು. ಡೇರಿಗೆ ಅವರು ಬರುವುದಾದರೂ ಯಾಕೆ? ಅವತ್ತಿನಿಂದ ಅವರ ಹಾಳೆ ನನ್ನ ಬೈಕಿನಲ್ಲಿ. ಹಳ್ಳ ದಾಟುವ ಕಾಲುಸಂಕ ಮುಳುಗಿದ ವಾರ ಅದೂ ಇಲ್ಲ.