ತಟ್ಟನೆ ಬಿಚ್ಚಿಕೊಳ್ಳುವ ಸೊಳ್ಳೆ ಪರದೆ: ರಿಂಗ್ ತಿರುಚಿಕೊಳ್ಳದಂತೆ ಮಾಡಿದ್ದು

ಕ್ಯಾಂಪಿಂಗ್‌ಗೆಂದು ಮನೆಯಲ್ಲೇ ಹೊಲಿದ ಪರದೆಯಲ್ಲಿ, ಬಲೆಯನ್ನು ಮೇಲೆ ಅಗಲಿಸಿ ಹಿಡಿಯುವ ರಿಂಗ್ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕಾಯಿಸಿದ ಹಪ್ಪಳದ ಹಾಗೆ ಎರಡು ಕಡೆ ಮೇಲೆದ್ದು, ಬಲೆ ಮುಖಕ್ಕೆ ತಾಗುತ್ತಿತ್ತು. ತಾಗಿದಲ್ಲೆಲ್ಲ ಸೊಳ್ಳೆ ಬಲೆಯ ಮೂಲಕವೇ ಕಚ್ಚುತ್ತದೆ.

ಅಲ್ಯೂಮಿನಿಯಂ ತಂತಿ ಒಮ್ಮೆ ಮಡಚಿದರೆ ಹಾಗೇ ಬಾಗಿ ಉಳಿಯಿತು. ವೈರಿಂಗ್ ಪೈಪ್ ಮಡಚಲೇ ಬರಲಿಲ್ಲ. ಹರಿದ ಫೋಲ್ಡಿಂಗ್ ಪರದೆಯ ಸ್ಪ್ರಿಂಗ್ ಸ್ಟೀಲ್ ತಂತಿ ಹಾಕಿದೆ, ಆದರೂ ತಿರುಚಿತು. ದಪ್ಪ ತಂತಿ ಹಾಕಿದ್ದಕ್ಕೆ ಭಾರ ಹೆಚ್ಚಿತೇ ಹೊರತು ಬೇರೇನೂ ಆಗಲಿಲ್ಲ.

ತಪ್ಪು ತಂತಿಯದ್ದಲ್ಲ, ತಂತಿ ತೂರಿಸುವ ಅಂಚಿನ ಬಟ್ಟೆ ಪಟ್ಟಿಯದ್ದು. ಪಟ್ಟಿಯ ಸುತ್ತಳತೆ ತಂತಿಗಿಂತ ಕಡಿಮೆಯಾದರೆ ತಂತಿಗೆ ಚಪ್ಪಟೆಯಾಗಿ ಕೂರಲು ಜಾಗವಿರುವುದಿಲ್ಲ, ಮೇಲಕ್ಕೇ ಏಳಬೇಕು. ಹೊಲಿಗೆಯಲ್ಲಿ ಬಟ್ಟೆ ಸುರುಟಿ ನನ್ನ ಪಟ್ಟಿ 6 ಸೆಂ.ಮೀ. ಗಿಡ್ಡವಾಗಿತ್ತು.

ಸರಿಹೋದ ಕ್ರಮ ಇದು. 80 ಸೆಂ.ಮೀ. ಅಗಲದ ರಿಂಗ್‌ಗೆ 251 ಸೆಂ.ಮೀ. ತಂತಿ. ಪಟ್ಟಿಯನ್ನು ಬಟ್ಟೆಯ ಓರೆಗೆ ಕತ್ತರಿಸಿ, ಹೊಲಿದ ಮೇಲೆ ಅಳೆದಾಗ 254 ಬರಬೇಕು. ಹೊಲಿಯುವ ಮೊದಲಿನ ಅಳತೆ ನಂಬಬೇಡಿ. ಮೊದಲು ಬಲೆಗೆ ಪಟ್ಟಿ ಹೊಲಿದು, 3 ಸೆಂ.ಮೀ. ಬಾಯಿ ಬಿಟ್ಟು, ಆಮೇಲೆ ತಂತಿ ತೂರಿಸಿ. ತುದಿಗಳನ್ನು 4 ಸೆಂ.ಮೀ. ಲೋಹದ ಕೊಳವೆಯೊಳಗೆ ಎದುರುಬದುರು ಸೇರಿಸಿ ಒತ್ತಿ, ಮೇಲೆ ಟೇಪ್ ಸುತ್ತಿ. ಬಾಯಿ ಮುಚ್ಚುವಾಗ ದಾರ ತಂತಿಯನ್ನು ಹಿಡಿಯಬಾರದು. ತಂತಿ ಪಟ್ಟಿಯೊಳಗೆ ಸಲೀಸಾಗಿ ಜಾರಬೇಕು, ಇದೇ ಮುಖ್ಯ.

ಈಗ ಎಂಟರ ಆಕಾರಕ್ಕೆ ತಿರುಚಿ ಒಂದರ ಮೇಲೊಂದು ಮಡಚಿದರೆ ಮೂರು ಸುತ್ತಾಗಿ, ಸುಮಾರು 27 ಸೆಂ.ಮೀ. ಅಗಲಕ್ಕೆ ಇಳಿಯುತ್ತದೆ. ಕೈಬಿಟ್ಟರೆ ತಟ್ಟೆಯಂತೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಮೂರು ದಾರ ಕಟ್ಟಿ ಕೊಂಬೆಗೆ ತೂಗಿಸಿ, ಬಲೆಯ ಕೆಳ ಅಂಚನ್ನು ಚಾಪೆಯಡಿ ಸಿಕ್ಕಿಸಬೇಕು. ನೊರಜು ಇರುವ ಕಡೆಗೆ ಮಾಮೂಲಿ ಬಲೆ ಸಾಲದು, ಇನ್ನೂ ಸಣ್ಣ ಕಣ್ಣಿನದು ಬೇಕು.