ಬ್ಲ್ಯಾಕ್ ಫ್ಲ್ಯಾಗ್ ಆಡ್ತೀರಾ? ಮೊದಲು ಹಡಗು ಗಟ್ಟಿ ಮಾಡ್ಕೊಳ್ಳಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಹೊರಗೆ ಬಿಡದೆ ಮಳೆ. ಅಂಥ ದಿನಗಳಲ್ಲಿ ನಾನು, ಚಿಕ್ಕಪ್ಪನ ಮಗ ಕೂತು ಆಡಿದ್ದು 2013ರ ವಿಡಿಯೋ ಗೇಮ್ ‘ಅಸ್ಯಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್’. ಕೆರಿಬಿಯನ್ ಸಮುದ್ರ, ಎಡ್ವರ್ಡ್ ಕೆನ್ವೇ ಅನ್ನುವ ಕಡಲ್ಗಳ್ಳ, ಅವನ ಹಡಗು ಜಾಕ್‌ಡಾ.

ಹೊಸದಾಗಿ ಆಡುವವರಿಗೆ ನಾನು ಹೇಳುವುದು ಒಂದೇ. ದುಡ್ಡನ್ನು ಎಡ್ವರ್ಡ್‌ನ ಕತ್ತಿ, ಬಟ್ಟೆಗೆ ಸುರಿಯಬೇಡಿ, ಹಡಗಿಗೆ ಹಾಕಿ. ಅದರಲ್ಲೂ ಮೊದಲು ಹಲ್ ಆರ್ಮರ್, ಅಂದರೆ ಹಡಗಿನ ಮೈಗವಚ. ಆಮೇಲೆ ಪಕ್ಕದ ತೋಪುಗಳು. ಮಾರ್ಟರ್, ಅಂದರೆ ದೂರಕ್ಕೆ ಮೇಲಿನಿಂದ ಗುಂಡು ಬೀಳಿಸುವ ತೋಪು, ಮೂರನೆಯದು. ಇದಕ್ಕೆಲ್ಲ ಮರ, ಬಟ್ಟೆ, ಲೋಹ ಬೇಕು, ಲೋಹಕ್ಕೇ ಜಾಸ್ತಿ ಪರದಾಟ. ಅಂಗಡಿಯಲ್ಲಿ ಸಕ್ಕರೆ, ರಮ್ ಮಾತ್ರ ಮಾರಿ. ಲೋಹ ಮುಟ್ಟಬೇಡಿ.

ಯಾವ ಹಡಗು ಕಂಡರೂ ಮೊದಲು ದುರ್ಬೀನಿನಲ್ಲಿ ನೋಡಿ. ಅದರ ಲೆವೆಲ್ ಎಷ್ಟು, ಒಳಗೆ ಏನು ಸರಕಿದೆ ಅಂತ ಅಲ್ಲೇ ಬರುತ್ತದೆ. ಲೋಹ ಇದ್ದು ಲೆವೆಲ್ ಕಡಿಮೆ ಇದ್ದರೆ ಬೆನ್ನು ಹತ್ತಿ. ನಿಮ್ಮ ಹಡಗಿನ ಮೂತಿಯಿಂದ ಚೈನ್ ಶಾಟ್, ಅಂದರೆ ಸರಪಳಿ ಗುಂಡು, ಹೊಡೆದರೆ ಅದರ ಓಟ ತಗ್ಗುತ್ತದೆ. ಹತ್ತಿರ ಬಂದ ಮೇಲೆ ನಿಮ್ಮ ಹಾಯಿ ಇಳಿಸಿ, ಪೂರ್ತಿ ಹಾಯಿ ಬಿಚ್ಚಿಕೊಂಡು ತಿರುಗಿಸಲು ಹೋದರೆ ಹಡಗು ದೊಡ್ಡ ಸುತ್ತು ಹಾಕುತ್ತದೆ, ಅಷ್ಟರಲ್ಲಿ ಅವರು ಗುಂಡು ತುಂಬಿಕೊಂಡಿರುತ್ತಾರೆ. ಪಕ್ಕಕ್ಕೆ ಬಂದು ತೋಪು ಹಾರಿಸಿ. ಅವರು ಹಾರಿಸುವ ಹೊತ್ತಿಗೆ ಬ್ರೇಸ್ (ಏಟು ತಡೆದುಕೊಳ್ಳಲು ಆಳುಗಳು ಬಗ್ಗಿ ಕೂರುವ ಬಟನ್) ಒತ್ತಿ ಹಿಡಿಯಿರಿ, ಏಟು ಎಷ್ಟೋ ಕಡಿಮೆಯಾಗುತ್ತದೆ. ಎದುರಾಳಿ ಹಡಗು ಸೋತು ಹೊಗೆಯಾಡತೊಡಗಿದರೆ ಮುಳುಗಿಸಬೇಡಿ. ಮುಳುಗಿಸಿದರೆ ಅರ್ಧ ಸರಕು ಮಾತ್ರ, ಆ ಹಡಗಿನ ಮೇಲೆ ಹತ್ತಿ ಕಾದಾಡಿ ಗೆದ್ದರೆ ಪೂರ್ತಿ. ಗೆದ್ದ ಮೇಲೆ ಆ ಹಡಗಿನಿಂದ ಜಾಕ್‌ಡಾ ರಿಪೇರಿ ಮಾಡಿಕೊಳ್ಳಬಹುದು, ಇಲ್ಲವೇ ನಿಮ್ಮ ಹಿಂದೆ ಬಿದ್ದ, ಕಡಲ್ಗಳ್ಳರನ್ನು ಹಿಡಿಯುವ ಬೇಟೆಗಾರ ಹಡಗುಗಳ ಕಾಟ ತಗ್ಗಿಸಿಕೊಳ್ಳಬಹುದು. ಶುರುವಿನಲ್ಲಿ ನಾನು ರಿಪೇರಿಯನ್ನೇ ಆರಿಸುತ್ತಿದ್ದೆ.

ಬಿರುಗಾಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಚಿಕ್ಕಪ್ಪ ತಾಂಡೇಲ, ಅಂದರೆ ಬೋಟಿನ ನಾಯಕ, ಇಪ್ಪತ್ತು ವರ್ಷದಿಂದ ಬೋಟು ನಡೆಸುತ್ತಿದ್ದಾರೆ. ಒಂದು ಸಂಜೆ ಚಹಾ ಲೋಟ ಹಿಡಿದು ನಮ್ಮ ಹಿಂದೆ ನಿಂತಿದ್ದರು. ಪರದೆಯ ಮೇಲೆ ಗೋಡೆಯಂಥ ಅಲೆ ಎದ್ದಿತು, ಮಗ ಹಡಗನ್ನು ಪಕ್ಕಕ್ಕೆ ತಿರುಗಿಸಿದ. ‘ಏ, ಅಡ್ಡ ಹಾಕ್ಬೇಡ್ವೋ! ಮೂತಿ ಕೊಡು ಅಲೆಗೆ!’ ಅಂತ ಕೂಗಿಯೇ ಬಿಟ್ಟರು. ಅವನು ತಿರುಗಿಸಿದ. ಜಾಕ್‌ಡಾ ಅಲೆ ಹತ್ತಿ ಆಚೆ ಇಳಿಯಿತು. ಆಟದಲ್ಲೂ ನಿಯಮ ಅದೇ, ಅಲೆಗೆ ಮೂತಿ ಕೊಡಿ, ಬ್ರೇಸ್ ಹಿಡಿಯಿರಿ.

ಕೋಟೆಗಳನ್ನು ಗೆದ್ದರೆ ಸುತ್ತಲಿನ ನಕ್ಷೆ ತೆರೆದುಕೊಳ್ಳುತ್ತದೆ, ಹಾಗಾಗಿ ಸಣ್ಣವನ್ನು ಬೇಗ ಮುಗಿಸಿ. ನೀರಲ್ಲಿ ತೇಲುವವರು ಕಂಡರೆ ನಿಲ್ಲಿಸಿ ಎತ್ತಿಕೊಳ್ಳಿ, ಆಳು ಸಿಕ್ಕ ಹಾಗಾಯ್ತು. ನಕ್ಷೆಯ ನಾಲ್ಕು ಮೂಲೆಗಳಲ್ಲಿ ಲೆಜೆಂಡರಿ ಹಡಗುಗಳಿವೆ, ಆಟದಲ್ಲಿ ಸೋಲಿಸಲು ಅತಿ ಕಷ್ಟದವು. ಅವುಗಳ ಮೇಲೆ ಹೋಗುವ ಮೊದಲು ನಿಧಿ ಪೆಟ್ಟಿಗೆ, ಮುಳುಗಿದ ಹಡಗುಗಳನ್ನು ಹುಡುಕಿ ಎಲೈಟ್ ಅಪ್‌ಗ್ರೇಡ್‌ಗಳ, ಅಂದರೆ ಹಡಗನ್ನು ಕೊನೆಯ ಹಂತಕ್ಕೆ ಗಟ್ಟಿ ಮಾಡುವ ಸುಧಾರಣೆಗಳ, ವಿನ್ಯಾಸದ ಹಾಳೆಗಳನ್ನು ಕೂಡಿಸಿಕೊಂಡಿರಬೇಕು. ಅಲ್ಲಿಯವರೆಗೆ ಅವು ಕಂಡರೆ ಹಾಯಿ ಪೂರ್ತಿ ಬಿಚ್ಚಿ ವಾಪಸ್ ಬನ್ನಿ.