ಮೂರನೇ ಬೆಲ್‌ಗೆ ಮುಂಚಿನ ಕೆಲಸ: ನಾಟಕಕ್ಕೆ ಒಟ್ಟಿಗೆ ಹೋಗುವ ಬಗೆ

ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ವಯಸ್ಕರ ಜೊತೆ ನಾಟಕಕ್ಕೆ ಹೋದಾಗ ತೊಂದರೆಯಾಗುವುದು ನಾಟಕದಿಂದಲ್ಲ. ಸುಮ್ಮನೆ ಕಾಯುವುದರಿಂದ, ಹೇಳದೆ ಕೇಳದೆ ಕವಿಯುವ ಕತ್ತಲೆಯಿಂದ, ಎದ್ದು ಹೋಗಲು ದಾರಿಯಿಲ್ಲದ ಸೀಟಿನಿಂದ. ನಮ್ಮ ತಯಾರಿಯೆಲ್ಲ ಈ ಮೂರರ ಸುತ್ತಲೇ.

ನಾಟಕ ಆರಿಸುವವರು ಅವರೇ. ಎರಡು ಮೂರು ಪೋಸ್ಟರ್ ಮುಂದಿಟ್ಟು ಒಂದೊಂದರ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ. 'ಯಾವುದೂ ಬೇಡ' ಅಂದರೆ ಅದೂ ಉತ್ತರವೇ. ಮೂವತ್ತೈದು ದಾಟಿದವರನ್ನು 'ನಮ್ಮ ಮಕ್ಕಳು' ಎಂದು ಕರೆದು ಮಕ್ಕಳ ನಾಟಕಕ್ಕೇ ಕರೆದೊಯ್ಯುವ ರೂಢಿ ಬಿಡಬೇಕು. ಪ್ರೀತಿ, ಜಗಳ, ಸಾವು ಅವರ ಬದುಕಿನಲ್ಲೂ ಇವೆ. ಟಿಕೆಟ್ಟಿನ ದುಡ್ಡು ಅವರ ಪರ್ಸಿನಿಂದ, ಅವರ ಕೈಯಿಂದಲೇ ಕೌಂಟರಿಗೆ ಹೋಗಬೇಕು.

ಆಮೇಲೆ ನಾಟಕ ತಂಡಕ್ಕೊಂದು ಫೋನ್. ಎಷ್ಟು ಹೊತ್ತಿನ ನಾಟಕ, ಮಧ್ಯಂತರ ಉಂಟೇ, ಪೂರ್ತಿ ಕತ್ತಲೆ ಎಷ್ಟು ಸಲ, ಗುಂಡಿನ ಸದ್ದು, ಹೊಗೆ, ಸ್ಟ್ರೋಬ್ ಲೈಟ್ ಇವೆಯೇ, ನಟರು ಪ್ರೇಕ್ಷಕರ ನಡುವೆ ಬರುತ್ತಾರೆಯೇ? ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ಗುಂಪಿನಲ್ಲಿದ್ದರೆ ಸ್ಟ್ರೋಬ್ ಇರುವ ನಾಟಕ ಬೇಡವೇ ಬೇಡ. ರಾತ್ರಿ ಎಂಟರ ಮಾತ್ರೆ ಏಳೂವರೆಯ ಪ್ರದರ್ಶನದ ನಡುವೆ ಬೀಳುತ್ತದೆ ಎಂಬುದು ಎಷ್ಟೋ ಸಲ ಕೊನೆ ಗಳಿಗೆಯಲ್ಲಿ ನೆನಪಾಗುತ್ತದೆ. ಹೊತ್ತು ಹಿಂದೆ ಮುಂದೆ ಮಾಡಬಹುದೇ ಎಂದು ವೈದ್ಯರನ್ನು ವಾರದ ಮೊದಲೇ ಕೇಳಿ; ಮಧ್ಯಾಹ್ನದ ಪ್ರದರ್ಶನವಿದ್ದರೆ ಅದೇ ವಾಸಿ.

ಆರು ಜನಕ್ಕೆ ನಾಲ್ಕು ಜೊತೆಗಾರರು. ಮೂವರು ಪಕ್ಕದಲ್ಲಿ, ಒಬ್ಬರು ಬಾಗಿಲ ಬಳಿ. ಈ ನಾಲ್ಕನೆಯವರಿಗೆ ಬೇರೆ ಯಾವ ಕೆಲಸವೂ ಇರಬಾರದು. ನಾಲ್ವರಲ್ಲಿ ಗಂಡಸರೂ ಹೆಂಗಸರೂ ಇರಲೇಬೇಕು. ಇಲ್ಲದಿದ್ದರೆ ಟಾಯ್ಲೆಟ್ಟಿನ ಬಾಗಿಲಲ್ಲೇ ಆ ಸಂಜೆ ಮುಗಿಯುತ್ತದೆ.

ವಾರಕ್ಕೆ ಮುಂಚೆ ಯಾರಾದರೂ ಹೋಗಿ ಫೋಟೊ ತೆಗೆದು ಬರಬೇಕು: ಗೇಟು, ಕೌಂಟರ್, ಟಾಯ್ಲೆಟ್, ಬಾಗಿಲು, ಸೀಟು, ರಂಗ, ಹೊರಗೆ ಬರುವ ದಾರಿ, ವಾಪಸ್ ಹೋಗುವ ಗಾಡಿ. ಎಂಟು ಫೋಟೊಗೆ ಎಂಟು ಪುಟ, ಪುಟಕ್ಕೊಂದು ವಾಕ್ಯ, ಇದೇ ನಮ್ಮ ಪುಸ್ತಕ. ದಿನಾ ಒಮ್ಮೆ ಒಟ್ಟಿಗೆ ಓದುತ್ತೇವೆ. ಇವುಗಳ ಜೊತೆಗೆ ಬೆಲ್ಲಿನದೊಂದು ಪುಟ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಒಂದನೇ ಬೆಲ್, ಎರಡನೇ ಬೆಲ್, ಮೂರನೇ ಬೆಲ್, ಆಮೇಲೆ ಕತ್ತಲೆ. ನಮ್ಮ ರಂಗಭೂಮಿಯ ಈ ಪದ್ಧತಿಯಷ್ಟು ಉಪಕಾರಿ ಇನ್ನೊಂದಿಲ್ಲ. ನಾವು ದಿನಾ ಸೇರುವ ಸೆಂಟರಿನಲ್ಲೇ ಬೆಲ್ ಬಾರಿಸಿ ಲೈಟ್ ಆರಿಸುತ್ತೇವೆ: ಮೊದಲ ದಿನ ಐದು ಸೆಕೆಂಡ್, ಆಮೇಲೆ ಹತ್ತು, ಇಪ್ಪತ್ತು. ಚಪ್ಪಾಳೆಯ ಸದ್ದಿಗೂ ಹೀಗೇ ಅಭ್ಯಾಸ. ಕಿವಿಗೆ ಹಾಕುವ ಇಯರ್ ಮಫ್ ನಾಟಕದ ದಿನವೇ ಹೊಸದಾಗಿ ಕೊಟ್ಟರೆ ಕಿತ್ತೆಸೆಯುತ್ತಾರೆ. ನಾಲ್ಕೈದು ದಿನ ಮೊದಲೇ ಅದು ಅವರದಾಗಬೇಕು.

ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಿಂದ ನಡೆಯುತ್ತಿರುವ ರಂಗಶಂಕರ ರಂಗಮಂದಿರದಲ್ಲಿ ಹೊತ್ತೆಂದರೆ ಹೊತ್ತು. ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಈ ಕಟ್ಟುನಿಟ್ಟು ನಮಗೆ ಅನುಕೂಲವೇ, ಏಕೆಂದರೆ ಹೇಳಿದ ಗಳಿಗೆಗೆ ಹೇಳಿದ್ದು ನಡೆಯುತ್ತದೆ. ಟ್ರಾಫಿಕ್ಕಿಗೆ ಹೆದರಿ ಒಂದೂವರೆ ಗಂಟೆ ಮೊದಲೇ ತಲುಪಿ ಸಾಲಿನಲ್ಲಿ ನಿಂತರೆ ತಾಳ್ಮೆ ಅಲ್ಲೇ ಖರ್ಚಾಗುತ್ತದೆ. ಬೇಗ ತಲುಪಿದರೆ ಕಾಫಿ ತಿಂಡಿಗೆ ಕೂರಿಸಿ, ಬಾಗಿಲು ತೆರೆಯುವ ಹೊತ್ತಿಗೆ ಎಬ್ಬಿಸಿ. ಯಾವ ರಂಗಮಂದಿರವಾದರೂ ಸರಿ, ಸಾಲಿನ ತುದಿಯ, ಬಾಗಿಲ ಹತ್ತಿರದ ಸೀಟು ಬೇಕೆಂದೂ ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುತ್ತಾರೆಯೇ ಎಂದೂ ಮೊದಲೇ ಕೇಳಿಕೊಳ್ಳಿ. ಬಿಡುವುದಿಲ್ಲ ಅಂದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಹೊರಗೆ ಹೋಗಲು ಎಲ್ಲರ ಜೇಬಿನಲ್ಲೂ ಒಂದು ಹಳದಿ ಕಾರ್ಡ್. ತೋರಿಸಿದರೆ ಎದ್ದು ಹೊರಡುವುದೇ, 'ಇನ್ನೈದು ನಿಮಿಷ ಇರು' ಎನ್ನುವ ಹಾಗಿಲ್ಲ. ಒಮ್ಮೆ ತಡೆದರೆ ಆ ಕಾರ್ಡನ್ನು ಅವರು ಇನ್ನು ನಂಬುವುದಿಲ್ಲ.

ಮೊದಲ ಸಲಕ್ಕೆ ಕರಾವಳಿಯವರು ಯಕ್ಷಗಾನದ ಬಯಲಾಟವನ್ನೇ ಆರಿಸಿಕೊಳ್ಳಬಹುದು. ಅಲ್ಲಿ ಏಳಬಹುದು, ಓಡಾಡಬಹುದು, ಚುರುಮುರಿ ತಿನ್ನಬಹುದು, ಚಾಪೆ ಹಾಸಿ ಮಲಗಲೂಬಹುದು. ಯಾರೂ ತಿರುಗಿ ನೋಡುವುದಿಲ್ಲ. ಬ್ರಿಟನ್ನಿನ ರಂಗಮಂದಿರಗಳು 'ರಿಲ್ಯಾಕ್ಸ್ಡ್ ಪರ್ಫಾರ್ಮೆನ್ಸ್' ಎಂದು ದೀಪ ಪೂರ್ತಿ ಆರಿಸದೆ, ಓಡಾಟಕ್ಕೆ ಅಡ್ಡಿ ಮಾಡದೆ ಆಡುವ ಪ್ರದರ್ಶನಗಳಲ್ಲಿ ಸಿಗುವ ಸಡಿಲಿಕೆ ನಮ್ಮ ಬಯಲಾಟದ ಗದ್ದೆಯಲ್ಲಿ ಮೊದಲಿಂದಲೂ ಇದೆ. ಕಷ್ಟ ಕೊಡುವುದು ಚೆಂಡೆ ಮತ್ತು ರಾಕ್ಷಸರ ಬಣ್ಣದ ವೇಷ. ಚೆಂಡೆಯಿಂದಲೂ ಸ್ಪೀಕರಿನಿಂದಲೂ ದೂರ, ಹಿಂದೆ ಕೂರಿ. ಮೇಳದವರನ್ನು ಕೇಳಿ ಆಟಕ್ಕೆ ಮೊದಲು, ಕಲಾವಿದರು ವೇಷ ಕಟ್ಟಿಕೊಳ್ಳುವ ಚೌಕಿಗೆ ಕರೆದೊಯ್ಯಿರಿ. ಬರಿಮುಖದ ಮನುಷ್ಯ ಕನ್ನಡಿ ಮುಂದೆ ಕೂತು ಗೆರೆ ಗೆರೆಯಾಗಿ ರಾಕ್ಷಸನಾಗುವುದನ್ನು ಕಂಡವರು ಅವನು ಆರ್ಭಟಿಸಿ ಬಂದಾಗ ಅಷ್ಟು ಬೆಚ್ಚುವುದಿಲ್ಲ.

ಅಕ್ಕಪಕ್ಕದವರಿಗೆ ಎರಡನೇ ಬೆಲ್ಲಿಗೆ ಮೊದಲೇ ಹೇಳಿಬಿಡಿ: "ಇವರು ಮಾತನ್ನು ತಿರುಗಿ ಹೇಳಬಹುದು, ಜೋರಾಗಿ ನಗಬಹುದು. ಅವರು ನಾಟಕ ನೋಡುವ ರೀತಿ ಅದು." ಕ್ಷಮೆ ಕೇಳುವ ದನಿ ಬೇಡ. ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರಂತೆ ಭಾಗವಹಿಸುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಮಿನಲ್ಲೇ ಇದೆ.

ಮುಗಿದ ಕೂಡಲೇ ಏಳಬೇಡಿ, ಜನಸಂದಣಿ ಕರಗಲಿ. ಗಾಡಿಯಲ್ಲಿ 'ಅರ್ಥ ಆಯ್ತಾ?' ಎಂದು ಪರೀಕ್ಷೆ ಮಾಡಬೇಡಿ. ಮರುದಿನ ಪೋಸ್ಟರನ್ನೂ ಫೋಟೊಗಳನ್ನೂ ಮೇಜಿನ ಮೇಲೆ ಹರಡಿ. ಯಾರು ಯಾವುದನ್ನು ಎತ್ತಿಕೊಳ್ಳುತ್ತಾರೆ, ಯಾವುದನ್ನು ದೂರ ತಳ್ಳುತ್ತಾರೆ ಎಂದು ಬರೆದಿಡಿ. ಮುಂದಿನ ಸಲ ಪೋಸ್ಟರ್ ತರುವ ಮುನ್ನ ಆ ಹಾಳೆ ತೆಗೆದು ನೋಡಬೇಕು.